ಪದಚರ್ಚೆ: ‘ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ’ – ಕನ್ನಡದಲ್ಲಿ ಹೇಗೆ ಬರೆಯೋಣ?

ಗೆಳೆಯರೇ,

ಪುಣೆಯ ಭೋಸರಿಯಲ್ಲಿ ಮೋಟರ್, ಕೇಬಲ್ ಟೆಸ್ಟ್ ಮಾಡುವ ಒಂದು ಶೆಡ್‌ಗೆ ಕನ್ನಡದಲ್ಲಿ ಎಚ್ಚರಿಕೆ ಬೋರ್ಡ್ ಬರೆಯುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯ ಹುಡುಗರು ಅಲ್ಲಿ ಜಾಸ್ತಿ. ಮರಾಠಿ ಬೋರ್ಡ್ ಆಗಲೇ ಇದೆ. ಅದರ ಮೇಲಿನ ‘ಧೋಕಾ’ ಮರಾಠಿಯವರಿಗೆ ಅಪಾಯ, ನಮ್ಮವರಿಗೆ ಮೋಸ. (ಆರಿಸಿದ ಮೇಲೂ ಒಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಮಟ್ಟಿಗೆ ಎರಡೂ ಸರಿಯೇ ಅನ್ನಿ.) ನಾನು ‘ಅಪಾಯ’ ಅಂತ ಬರೆದು ಮುಂದೆ ಹೋದೆ. ಸಿಕ್ಕಿಬಿದ್ದಿದ್ದು ‘ಡಿಸ್ಚಾರ್ಜ್’ ಹತ್ತಿರ, ಅಂದರೆ ಒಳಗೆ ಉಳಿದ ಚಾರ್ಜನ್ನು ಹೊರಹಾಕುವುದು.

ಹುಡುಗರು ಹೇಳುವುದು ‘ಕರೆಂಟ್ ತೆಗಿ’. ಅದು ಸ್ವಿಚ್ ಆರಿಸುವುದು ಅಷ್ಟೇ ಅಲ್ವಾ? ಉದ್ದದ ಕೇಬಲ್‌ಗೆ ಮೆಗ್ಗರ್‌ನಿಂದ (ಇನ್ಸುಲೇಷನ್, ಅಂದರೆ ತಂತಿಯ ಮೇಲಿನ ಕರೆಂಟ್ ತಡೆಯುವ ಹೊದಿಕೆ, ಸರಿಯಿದೆಯಾ ಎಂದು ನೋಡುವ ಮೀಟರ್) 5,000 ವೋಲ್ಟ್ ಡಿಸಿ ಕೊಟ್ಟು ನಿಲ್ಲಿಸಿದ ಮೇಲೂ ಚಾರ್ಜ್ ಅದರೊಳಗೇ ಕೂತಿರುತ್ತದೆ. ಈಗಿನ ಮೆಗ್ಗರ್‌ಗಳು ಅದನ್ನು ತಾವೇ ಇಳಿಸುತ್ತವೆ, ನಿಜ. ಆದರೆ ಯಾರೋ ಅವಸರದಲ್ಲಿ ವೈರ್ ಕಿತ್ತರೆ ಮುಗಿಯಿತು, ಇಳಿಯುವ ದಾರಿಯೇ ಇಲ್ಲ.

‘ಚಾರ್ಜ್ ಇಳಿಸಿ’ ಅನ್ನೋಣ ಅಂದುಕೊಂಡೆ. ಮೊಬೈಲ್‌ನಿಂದಾಗಿ ಎಲ್ಲರ ಬಾಯಲ್ಲೂ ಇರುವ ಮಾತು. ತೊಂದರೆಯೂ ಅಲ್ಲೇ ಇದೆ. ಮೊಬೈಲ್ ಚಾರ್ಜ್ ಸುಮ್ನೆ ಇಟ್ಟರೂ ಇಳಿಯುತ್ತದೆ, ಒಮ್ಮೆ ಇಳಿದರೆ ತಾನಾಗಿ ಏರುವುದಿಲ್ಲ. ಕೇಬಲ್, ಮೋಟರ್ ವೈಂಡಿಂಗ್ ಹಾಗಲ್ಲ. ಇನ್ಸುಲೇಷನ್ ಹೀರಿಕೊಂಡ ಚಾರ್ಜ್ ನಿಧಾನವಾಗಿ ಹೊರಬರುತ್ತದೆ. ಡಿಸ್ಚಾರ್ಜ್ ರಾಡ್ (ನೆಲಕ್ಕೆ ವೈರ್ ಜೋಡಿಸಿದ, ಕೊಕ್ಕೆಯಿರುವ ಕೋಲು) ಮುಟ್ಟಿಸಿ ಸೊನ್ನೆ ಮಾಡಿ, ರಾಡ್ ತೆಗೆದು ಮೀಟರ್ ನೋಡಿ. ಮುಳ್ಳು ಮತ್ತೆ ಮೇಲೇಳುತ್ತದೆ. ಅದಕ್ಕೇ ಟೆಸ್ಟ್ ನಡೆದ ಹೊತ್ತಿನ ನಾಲ್ಕು ಪಟ್ಟಾದರೂ ಅರ್ತ್ (ನೆಲಕ್ಕೆ ಜೋಡಿಸುವ ವೈರ್) ಕಟ್ಟಿಡಬೇಕು ಅನ್ನುವುದು. ಹತ್ತು ನಿಮಿಷದ ಟೆಸ್ಟ್‌ಗೆ 40 ನಿಮಿಷ. ‘ಇಳಿಸಿ’ ಎಂಬ ಒಂದು ಮಾತಲ್ಲಿ ಈ ‘ಕಟ್ಟಿಡುವುದು’ ಬರುವುದಿಲ್ಲ.

ಪಠ್ಯಪುಸ್ತಕದ ‘ವಿದ್ಯುತ್ ವಿಸರ್ಜನೆ’ ಬೇಡವೇ ಬೇಡ. ಪುಣೆಯಲ್ಲಿ ವಿಸರ್ಜನೆ ಅಂದರೆ ಗಣಪತಿ ಹೊಳೆಗೆ ಹೊರಟ ಅಂತಲೇ. ‘ಭೂಸಂಪರ್ಕ’ ಓದಲು ಚೆನ್ನ, ಕರೆಯಲು ಆಗದು. ‘ಅರ್ಥ್’ ಎಂದು ಮಹಾಪ್ರಾಣ ಹಾಕಿದರೆ ‘ಅರ್ಥ ಮಾಡಿ’ ಎಂದು ಓದುತ್ತಾರೆ, ಹಾಗಾಗಿ ‘ಅರ್ತ್’ ಸಾಕು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಸ್ವಿಚ್ ಆಫ್ ಆದರೂ ಚಾರ್ಜ್ ಇರುತ್ತದೆ. ರಾಡ್‌ನಿಂದ ಇಳಿಸಿ. ಕೆಲಸ ಮುಗಿಯುವವರೆಗೆ ಅರ್ತ್ ಬಿಚ್ಚಬೇಡಿ.’

ಕೆಳಗೆ ಸಣ್ಣಕ್ಷರದಲ್ಲಿ ರಾಡ್ ಹಿಡಿಯುವ ಕ್ರಮ: ‘ಕ್ಲ್ಯಾಂಪ್ ಮೊದಲು ಅರ್ತ್ ಪಟ್ಟಿಗೆ, ಕೊಕ್ಕೆ ಆಮೇಲೆ ಲೈನಿಗೆ. ತೆಗೆಯುವಾಗ ಉಲ್ಟಾ.’ ಈ ಕ್ರಮ ತಪ್ಪಿದರೆ ರಾಡ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ‘ಉಲ್ಟಾ’ ಬಿಟ್ಟು ‘ಹಿಮ್ಮುಖ ಕ್ರಮದಲ್ಲಿ’ ಅಂತ ತಿದ್ದಲು ನನಗೆ ಮನಸ್ಸಿಲ್ಲ. ಶುದ್ಧ ಕನ್ನಡ ಬೇಕೆನ್ನುವವರು ಬೈಯಬಹುದು, ಬೈಯಲಿ.

ಈಗ ನನ್ನ ಪ್ರಶ್ನೆ. ನಿಮ್ಮೂರಿನ ಲೈನ್‌ಮನ್‌ಗಳು, ವೈಂಡಿಂಗ್ ಅಂಗಡಿಯವರು ಇದಕ್ಕೆ ಏನನ್ನುತ್ತಾರೆ? ಅರ್ತ್ ‘ಕಟ್ಟು’ತ್ತಾರೋ, ‘ಹಾಕು’ತ್ತಾರೋ, ‘ಕೊಡು’ತ್ತಾರೋ? ‘ಕೊಡು’ ಅಂದರೆ ಒಮ್ಮೆ ಮುಟ್ಟಿಸಿ ಬಿಟ್ಟ ಹಾಗೆ ಕೇಳುತ್ತದೆ, ಅದಕ್ಕೆ ನನ್ನ ಒಲವು ‘ಕಟ್ಟು’ ಕಡೆಗೆ. ಇಳಿದ ಚಾರ್ಜ್ ಮತ್ತೆ ಏರುವುದಕ್ಕೂ ಒಂದು ಆಡುಮಾತು ಇದ್ದರೆ ತಿಳಿಸಿ. ನಿಘಂಟು ನೋಡಿ ಆಗಿದೆ, ಬಾಯಿಮಾತು ಬೇಕು. ಬೋರ್ಡ್ ಇನ್ನೂ ಪೇಂಟರ್ ಕೈಗೆ ಹೋಗಿಲ್ಲ.