ಮೊಟೊರೋಲಾ ರೇಜರ್ ವಿ3 ಈಗ ತಗೋಬಹುದೇನ್ರಿ? ತೆಳ್ಳನ ಮಡಚೋ ಸೆಟ್ಟಿನ ಗುಣ-ದೋಷ ಬಲ್ಲವರು ಹೇಳ್ರಿ

ಸಿಂಧನೂರು_ಕ್ಯಾಂಪ್

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಗೆ ಬರೀ ಮಾತಾಡ್ಲಿಕ್ಕ, ಬ್ಯಾಂಕಿನ ಓಟಿಪಿ ನೋಡ್ಲಿಕ್ಕ ಒಂದು ಸೆಟ್ ಬೇಕಾಗ್ಯದ. ಟಚ್ ಫೋನ್ ಅಂಗಿ ಕಿಸೆದಾಗ ಜೋಲ್ತದ, ಬಗ್ಗಿದ್ರ ಗದ್ದೆ ನೀರಾಗ ಬೀಳ್ತದ. ರಾಯಚೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡ್ಯಾಗ ಮೊಟೊರೋಲಾ ರೇಜರ್ ವಿ3 ಅದ. ಬೆಳ್ಳಿ ಬಣ್ಣ, ಬಾಡಿ ಚೊಕ್ಕ ಅದ, ಚಾರ್ಜರ್ ಇಲ್ಲ. ನಮ್ಮದು ಸಿಂಧನೂರು ಹತ್ತಿರದ ಕ್ಯಾಂಪು, ಈಗಿರೋದು ಜಿಯೊ ಸಿಮ್. ಈ ಸೆಟ್ಟು ಈಗ್ಲೂ ಕೆಲಸಕ್ಕ ಬರ್ತದೇನು? ತಗೊಳ್ಳೋ ಮೊದಲು ಏನೇನ್ ನೋಡಬೇಕು?

ಕೊಪ್ಪಳ ಕೀಪ್ಯಾಡ್

ಜಿಯೊ ಸಿಮ್ ಅಂದ್ರ ಇಲ್ಲಿಗೇ ಮುಗೀತು. ಜಿಯೊದಾಗ 2ಜಿ ಇಲ್ಲ, ವಿ3ಕ್ಕ 2ಜಿ ಬಿಟ್ರ ಬ್ಯಾರೆ ಗೊತ್ತಿಲ್ಲ. ನಂಬರ್ ಏರ್‌ಟೆಲ್‌ಗೆ ಇಲ್ಲಾ ವಿಐಗೆ ಪೋರ್ಟ್ ಮಾಡಿಸಿದ್ರ ಮಾತ್ರ ಮುಂದಿನ ಮಾತು.

ಬಳ್ಳಾರಿ ಸೋಲ್ಡರ್

ಕೊಪ್ಪಳದವರು ಹೇಳಿದ್ದು ಸರಿ. ಪೋರ್ಟ್ ಮಾಡಿಸೋಕೆ ಮುಂಚೆ ಊರಲ್ಲಿ 2ಜಿ ಎಷ್ಟು ಬರುತ್ತೆ ಅಂತ ನೋಡ್ಕೊಳ್ಳಿ. ಯಾರದಾದ್ರೂ ಏರ್‌ಟೆಲ್ ಸಿಮ್ಮಿರೋ ಆಂಡ್ರಾಯ್ಡ್ ಫೋನಲ್ಲಿ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸಿಗೆ ಹೋಗಿ 'ಪ್ರಿಫರ್ಡ್ ನೆಟ್‌ವರ್ಕ್ ಟೈಪ್' 2ಜಿ ಮಾಡಿ. ಕೆಲವು ಫೋನಲ್ಲಿ ಆ ಆಯ್ಕೆ ಕಾಣಲ್ಲ. ಅಂಥದ್ರಲ್ಲಿ *#*#4636#*#* ಒತ್ತಿ, ಫೋನ್ ಇನ್ಫರ್ಮೇಷನ್ ಒಳಗೆ 'ಜಿಎಸ್ಎಂ ಓನ್ಲಿ' ಇಡಿ. ಹಂಗೇ ಹಿಡ್ಕೊಂಡು ಅಡುಗೆಮನೆ, ಪಡಸಾಲೆ, ಗದ್ದೆ ಬದು, ಮೂರೂ ಕಡೆ ಒಂದೊಂದು ಕಾಲ್ ಮಾಡಿ ನೋಡಿ. ಕಡ್ಡಿ ಎಣಿಸ್ಕೊಂಡು ಕೂರಬೇಡಿ, ಮಾತು ಕಟ್ ಆಗ್ತದಾ ಅಂತ ಕೇಳಿ. ನಿಮ್ಮ ಕಡೆ ಬಯಲು ಸೀಮೆ, ಗುಡ್ಡದ ಅಡ್ಡಿ ಕಮ್ಮಿ. 900 ಬ್ಯಾಂಡಿನ (ಅಂದ್ರೆ 900 ಮೆಗಾಹರ್ಟ್ಸ್ ತರಂಗದ) 2ಜಿ ಅಂಥ ಕಡೆ ದೂರ ಹೋಗುತ್ತೆ. ವಿ3 850, 900, 1800, 1900 ನಾಲ್ಕೂ ಹಿಡಿಯೋ ಸೆಟ್ಟು, ಆ ಮಟ್ಟಿಗೆ ಚಿಂತೆ ಇಲ್ಲ.

ಅಂಗಡಿಯವನು ತೋರಿಸ್ತಿರೋದು ಯಾವ ರೇಜರ್ ಅಂತ ಬ್ಯಾಟರಿ ತೆಗೆದು ಒಳಗಿನ ಚೀಟಿ ಓದಿ. ವಿ3, ವಿ3ಐ ಎರಡೂ ಸಿಮ್ ಹಾಕೋವು. ವಿ3ಐಗೆ ಮೈಕ್ರೊಎಸ್‌ಡಿ ಕಾರ್ಡು, ಚೂರು ಮೇಲಾದ ಕ್ಯಾಮೆರಾ ಇರುತ್ತೆ. ವಿ3ಸಿ ಅಂತ ಇದ್ರೆ ಅದು ಸಿಡಿಎಂಎ ಅನ್ನೋ ಬೇರೆ ಜಾತಿ ನೆಟ್‌ವರ್ಕಿಂದು, ಆ ನೆಟ್‌ವರ್ಕು ನಮ್ಮಲ್ಲಿ ಈಗ ಇಲ್ಲ. ನೋಡೋಕೆ ಅವಳಿ-ಜವಳಿ, ಆದರೆ ಇವತ್ತು ಬರೀ ಗೊಂಬೆ.

ಈಗ ಗುಣ-ದೋಷ. 2004ರಲ್ಲಿ ಬಂದಾಗ ಮಡಚಿದ್ರೆ 13.9 ಮಿಮೀ ಅನ್ನೋದೇ ದೊಡ್ಡ ಸುದ್ದಿ. ಈಗಿನ ಟಚ್ ಫೋನೇ 8 ಮಿಮೀ ಆಸುಪಾಸು ಇರೋದ್ರಿಂದ ದಪ್ಪದ ಲೆಕ್ಕದಲ್ಲಿ ಇದರದ್ದೇನು ಹೆಚ್ಚುಗಾರಿಕೆ ಇಲ್ಲ. ತೂಕ ಮಾತ್ರ 95 ಗ್ರಾಂ, ಟಚ್ ಸೆಟ್ಟಿನ ಅರ್ಧ. ಕಿಸೆಯಲ್ಲಿ ಜೋಲಲ್ಲ ಅನ್ನೋದು ಅದಕ್ಕೇ. ಅಲ್ಯೂಮಿನಿಯಂ ಬಾಡಿ, ಒಳಗಿನ 2.2 ಇಂಚಿನ ಡಿಸ್‌ಪ್ಲೇ ಮಡಚಿದಾಗ ಮುಚ್ಕೊಳ್ಳುತ್ತೆ, ಗೀರು ಬೀಳಲ್ಲ. ಯಾರು ಫೋನ್ ಮಾಡಿದ್ದು ಅಂತ ಹೊರಗಿನ ಪುಟ್ಟ ಪರದೆಯಲ್ಲೇ ಕಾಣುತ್ತೆ.

ಆದ್ರೆ ತೆಳ್ಳಗೆ ಮಾಡೋಕೆ ಅವರು ಎಲ್ಲೆಲ್ಲಿ ಹಿಂಡಿದ್ರೋ ಅಲ್ಲಲ್ಲೇ ಇದು ಕೆಡೋದು.

ಮೊದಲನೇದು ಮಡಚೋ ಕೀಲು. ಡಿಸ್‌ಪ್ಲೇ, ಕಿವಿ ಸ್ಪೀಕರ್, ಕ್ಯಾಮೆರಾ ಎಲ್ಲಾ ಮೇಲಿನ ರೆಕ್ಕೆಯಲ್ಲಿ, ಬೋರ್ಡು ಕೆಳಗೆ. ಎರಡನ್ನೂ ಸೇರಿಸೋದು ಕೀಲಿನೊಳಗೆ ಸುತ್ತಿಕೊಂಡು ಹೋಗೋ ಕಾಗದದಷ್ಟು ತೆಳು ಸ್ಟ್ರಿಪ್. ಸೆಟ್ ತೆಗೆದು ಮುಚ್ಚಿದಷ್ಟು ಸಲ ಅದು ಬಾಗುತ್ತೆ, ಒಳಗಿನ ತಾಮ್ರದ ಗೆರೆ ಒಂದೊಂದೇ ಸೀಳುತ್ತೆ. ಪರೀಕ್ಷೆ ಹಿಂಗೆ: ಕಸ್ಟಮರ್ ಕೇರಿಗೆ ಕಾಲ್ ಹಾಕಿ, ಕಿವಿಗಿಟ್ಟುಕೊಂಡೇ ರೆಕ್ಕೆಯನ್ನು ನಿಧಾನಕ್ಕೆ ಒಂದು ಬೆರಳಿನಷ್ಟು ಹಿಂದೆ-ಮುಂದೆ ಆಡಿಸಿ. ಪೂರ್ತಿ ಮಡಚಬೇಡಿ, ಕಾಲ್ ಕಟ್ ಆಗುತ್ತೆ. ಒಂದು ಕೋನದಲ್ಲಿ ದನಿ ಹೋಗಿ ಇನ್ನೊಂದರಲ್ಲಿ ಬಂದ್ರೆ ಸ್ಟ್ರಿಪ್ ಹೋಗೋ ದಾರಿಯಲ್ಲಿದೆ. ಡಿಸ್‌ಪ್ಲೇ ಬೆಳ್ಳಗಾಗಿ ಹೊರಗಿನ ಪರದೆ ಮಾತ್ರ ಸರಿ ಇದ್ರೂ ಮೊದಲ ಅನುಮಾನ ಅದರ ಮೇಲೇ. ಬದಲಿಸಬಹುದು. ಆದ್ರೆ ಕೀಲಿನೊಳಗೆ ಸುತ್ತು ತಪ್ಪಿ ಕೂರಿಸಿದ್ರೆ ಹೊಸ ಸ್ಟ್ರಿಪ್ಪೂ ಬೇಗ ಕಡಿಯುತ್ತೆ. ಕೈ ಪಳಗಿದವರು ಈಗ ಸಿಗೋದು ಕಷ್ಟ. ಕೀಲು ಬಿಗಿ ಅಂತ ತೆಂಗಿನೆಣ್ಣೆ, ಮಿಷಿನ್ ಎಣ್ಣೆ ಬಿಡಬೇಡಿ. ಧೂಳು ಹಿಡಿದು ಅಂಟು ಅಂಟಾಗುತ್ತೆ.

ಎರಡು, ಕೀಪ್ಯಾಡು. ಒಂದೇ ಲೋಹದ ತಗಡಲ್ಲಿ ಅಂಕಿ ಕೊರೆದಿರ್ತಾರೆ. ನೋಡೋಕೆ ಚಂದ, ಆದ್ರೆ ಗುಂಡಿ ಉಬ್ಬಿಲ್ಲದ ಕಾರಣ ಕಣ್ಣು ಮಂದ ಇದ್ದೋರಿಗೆ ಬೆರಳ ತುದಿಯಲ್ಲಿ ಗುರುತು ಸಿಗಲ್ಲ. ಕೆಳಗಿನ ನೀಲಿ ಬೆಳಕು ಎಲ್‌ಇಡಿ ಅಲ್ಲ, ಇಡೀ ಹಾಳೆಯೇ ಹೊಳೆಯೋ ಜಾತಿ. ಉರಿದಷ್ಟೂ ಮಂಕಾಗುತ್ತೆ. ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗಲ್ಲ, ಅಂಗೈ ಮುಚ್ಚಿ ಕತ್ತಲು ಮಾಡಿ ನೋಡಿ.

ಮೂರು, ಆಂಟೆನಾ ಇರೋದು ಕೆಳಗಿನ ಉಬ್ಬು ಗಲ್ಲದಲ್ಲಿ. ಅಲ್ಲೇ ಮುಷ್ಟಿ ಹಿಡಿದ್ರೆ ಟವರ್ ಕುಸಿಯುತ್ತೆ. ನಡುವಿಗೆ ಹಿಡಿಯೋ ರೂಢಿ ಮಾಡಿಸಿ.

ಧೂಳಿನ ಮಾತು: ನಮ್ಮ ಸಂಡೂರು ಕಡೆ ಅದಿರಿನ ಕೆಂಪು ಧೂಳು, ನಿಮ್ಮಲ್ಲಿ ಭತ್ತದ ಹೊಟ್ಟು. ಎರಡೂ ಕಿವಿ ಸ್ಪೀಕರಿನ ಜಾಲರಿ ಮುಚ್ತವೆ. ಒಣ ಹಲ್ಲುಜ್ಜೋ ಬ್ರಷ್ಷಿನಲ್ಲಿ ಸೆಟ್ಟನ್ನು ತಲೆಕೆಳಗೆ ಹಿಡಿದು ತಿಕ್ಕಿ, ಬಾಯಲ್ಲಿ ಊದಬೇಡಿ, ಎಂಜಲ ಪಸೆ ಒಳಗೆ ಹೋಗುತ್ತೆ. ಜೀನ್ಸ್ ಕಿಸೆಯಲ್ಲಿ ಇಟ್ಟಿದ್ದ ಸೆಟ್ಟಾದ್ರೆ ಚಾರ್ಜಿಂಗ್ ತೂತಲ್ಲಿ ನೀಲಿ ನೂಲಿನ ಉಂಡೆ ಕೂತಿರುತ್ತೆ. ಬಳ್ಳಾರಿಯಲ್ಲಿ ಆ 'ರಿಪೇರಿ'ಗೆ ಒಂದು ಬೆಂಕಿಕಡ್ಡಿ ಸಾಕು, ಬ್ಯಾಟರಿ ತೆಗೆದಿಟ್ಟು ಮಾಡಿ.

ಗಂಗಾವತಿ ರೇಂಜ್

ಸೋಲ್ಡರ್ ಅಣ್ಣಾರು ಕೀಲು, ಸ್ಟ್ರಿಪ್ ಅಂತ ಹೆದರಿಸಿಬಿಟ್ರು. ವಯಸ್ಸಾದೋರಿಗೆ ಮಡಚೋ ಸೆಟ್ಟಿನಷ್ಟು ಸಲೀಸು ಬ್ಯಾರೆ ಇಲ್ಲರಿ. ತೆಗೆದ್ರ ಹಲೋ, ಮುಚ್ಚಿದ್ರ ಕಟ್. ಹಸಿರು ಯಾವುದು, ಕೆಂಪು ಯಾವುದು ಅಂತ ಹುಡುಕೋದಿಲ್ಲ. ಕಿಸೆದಾಗ ತಾನಾಗೇ ಯಾರಿಗೋ ಫೋನ್ ಹೋಗೋದೂ ಇಲ್ಲ. ತೆಗೆದ ಕೂಡ್ಲೆ ಎತ್ತದಿದ್ರ ಸೆಟ್ಟಿಂಗ್ಸ್ ಒಳಗ ಇನ್-ಕಾಲ್ ಸೆಟಪ್, ಅದರಾಗ ಆನ್ಸರ್ ಆಪ್ಷನ್ಸ್, ಅಲ್ಲಿ 'ಓಪನ್ ಟು ಆನ್ಸರ್' ಆನ್ ಮಾಡ್ರಿ.

ನನ್ನ ತಕರಾರು ಬ್ಯಾರೆ ಐತಿ. ಇದರಾಗ ಟಾರ್ಚ್ ಇಲ್ಲ, ಎಫ್‌ಎಂ ಇಲ್ಲ, ಎರಡನೇ ಸಿಮ್ ಇಲ್ಲ. ರಾತ್ರಿ ನೀರು ಕಟ್ಟಾಕ ಹೋಗೋ ಮನುಷ್ಯಾಗ ಟಾರ್ಚ್ ಇಲ್ಲದ ಕೀಪ್ಯಾಡ್ ಸೆಟ್ ಅಂದ್ರ ಅರ್ಧ ಸೆಟ್. ಕನ್ನಡ ಅಕ್ಷರನೂ ಇಲ್ಲ. ಕನ್ನಡದಾಗ ಬಂದ ಮೆಸೇಜು ಬರೀ ಚೌಕ ಚೌಕ ಕಾಣ್ತದ. ಬ್ಯಾಂಕಿನ ಓಟಿಪಿ ಇಂಗ್ಲಿಷಿನಾಗ ಬಂದ್ರ ತೊಂದರೆ ಇಲ್ಲ. ಮೆಸೇಜ್ ಭಾಷೆ ಕನ್ನಡ ಅಂತ ಆರಿಸಿದ್ರ ಬ್ಯಾಂಕಿನ್ಯಾಗ ಬದಲಿಸ್ರಿ. ಇನ್ನೊಂದು, ಮೆಸೇಜಿನ ಜಾಗ ಸಣ್ಣದು. ತುಂಬಿದ್ರ ಹೊಸ ಓಟಿಪಿ ಒಳಗ ಬರೋದೇ ಇಲ್ಲ, ಜನ ಬ್ಯಾಂಕಿನೋರಿಗೆ ಬೈತಾರ. ವಾರಕ್ಕೊಮ್ಮೆ ಜಾಹೀರಾತಿನ ಮೆಸೇಜ್ ಅಳಿಸಿಬಿಡ್ರಿ.

ಸಿಮ್ ಹಾಕೋವಾಗ: ಹೊಸ ಸಿಮ್ಮಿನ ಸುತ್ತ ಮೂರು ಅಳತೆ ಕೊರೆದಿರ್ತದಲ್ಲ, ಅದರಾಗ ದೊಡ್ಡ ಅಳತೆಗೆ ಮುರೀರಿ. ನ್ಯಾನೊ ಮಾಡಿದ್ದು ಇದ್ರ ಅಡಾಪ್ಟರಿನ್ಯಾಗ ಕೂರಿಸಿ ಹಿಂದ ತೆಳ್ಳನ ಟೇಪ್ ಅಂಟಿಸ್ರಿ. ಖಾಲಿ ಅಡಾಪ್ಟರ್ ಒಳಗ ತುರುಕಿ ಎಳೆದ್ರ ಸಿಮ್ ಪಿನ್ನು ಕಿತ್ತು ಬರ್ತಾವ.

ಸಿಂಧನೂರು_ಕ್ಯಾಂಪ್

ಭಾಳ ಉಪಕಾರ ಆತ್ರಿ. ಏರ್‌ಟೆಲ್ 2ಜಿ ಗದ್ದೆ ತನಕ ಚಲೋ ಬರ್ತದ, ಪರೀಕ್ಷೆ ಮಾಡ್ದೆ. ಚೀಟಿ ಮ್ಯಾಲ ವಿ3 ಅಂತಲೇ ಅದ. ಕೀಲು ಆಡಿಸಿದ್ರ ದನಿ ಹೋಗಲ್ಲ. ಎರಡು ಗೊಂದಲ: ಹಳೇ ಕ್ಯಾಮೆರಾದ ಮಿನಿ ಯುಎಸ್‌ಬಿ ವೈರ್ ಟಚ್ ಫೋನಿನ ಚಾರ್ಜರಿಗೆ ಹಾಕಿದ್ರ 'ಅನೇಬಲ್ ಟು ಚಾರ್ಜ್' ಅಂತದ. ಆಮ್ಯಾಲ ಬ್ಯಾಟರಿ ಎರಡು ಕಡ್ಡಿ ತೋರಿಸ್ತಿರ್ತದ, ಒಮ್ಮೊಮ್ಮೆ ಕಾಲ್ ಹಚ್ಚಿದ ಕೂಡ್ಲೆ ಸ್ವಿಚ್ ಆಫ್. ಬೋರ್ಡ್ ಹೋಗ್ಯದೇನು?

ಬಳ್ಳಾರಿ ಸೋಲ್ಡರ್

ಬೋರ್ಡಿನ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಎರಡಕ್ಕೂ ಬೇರೆ ಕಾರಣ.

ಚಾರ್ಜರ್: ಮಿನಿ ಯುಎಸ್‌ಬಿಯಲ್ಲಿ ಐದು ಪಿನ್. ಮೊಟೊರೋಲಾ ತನ್ನ ಚಾರ್ಜರಿನ ನಾಲ್ಕನೇ ಪಿನ್ನಿಗೆ ಗುರುತಿನ ರೆಸಿಸ್ಟರ್ ಕೂರಿಸಿತ್ತು. ಸೆಟ್ಟು ಅದನ್ನು ಓದಿ 'ನಮ್ಮವನೇ' ಅಂತ ಖಾತ್ರಿ ಆದ್ರೆ ಮಾತ್ರ ಕರೆಂಟ್ ತಗೊಳ್ಳುತ್ತೆ. ಸಾದಾ ವೈರಲ್ಲಿ ಆ ಗುರುತು ಇಲ್ಲ. ಕಂಪ್ಯೂಟರಿಗೆ ಹಾಕಿದ್ರೆ, ಅದರಲ್ಲಿ ಮೊಟೊರೋಲಾ ಡ್ರೈವರ್ ಇದ್ದು ಸೆಟ್ಟೂ ಆನ್ ಇದ್ರೆ ಚಾರ್ಜ್ ಆಗುತ್ತೆ. ಬ್ಯಾಟರಿ ಪೂರ್ತಿ ಸತ್ತು ಆಫ್ ಆಗಿದ್ರೆ ಆ ದಾರಿನೂ ಬಂದ್. ಅದಕ್ಕೇ ಮೊಟೊರೋಲಾ ಮಿನಿ ಯುಎಸ್‌ಬಿ ಗೋಡೆ ಚಾರ್ಜರನ್ನೇ ಹುಡುಕಿ. ಹಳೇ ಮೊಬೈಲ್ ಅಂಗಡಿಗಳ ಚಾರ್ಜರ್ ಗುಡ್ಡೆಯಲ್ಲಿ ಸಿಗುತ್ತೆ. ಸಿಗದಿದ್ರೆ ಬ್ಯಾಟರಿ ಹೊರಗೆ ತೆಗೆದು ಕ್ಲಿಪ್ಪಿಗೆ ಸಿಕ್ಕಿಸೋ ಯೂನಿವರ್ಸಲ್ ಚಾರ್ಜರ್ ಉಂಟು. ಅದನ್ನ ಕಣ್ಣೆದುರಿಗೇ ಇಟ್ಟು ಮಾಡಿ, ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಅಗ್ಗದವು ಎಷ್ಟಕ್ಕೆ ನಿಲ್ಲಬೇಕು ಅಂತ ನಂಬೋ ಹಾಗಿಲ್ಲ.

ಕಾಲ್ ಹಚ್ಚಿದ್ರೆ ಆಫ್: 2ಜಿ ಸೆಟ್ಟು ಒಂದೇ ಸಮ ಸಿಗ್ನಲ್ ಬಿಡಲ್ಲ, ಸೆಕೆಂಡಿಗೆ 217 ಸಲ ಗುಟುಕು ಗುಟುಕಾಗಿ ಬಿಡುತ್ತೆ. ಸ್ಪೀಕರ್ ಪಕ್ಕ ಇಟ್ರೆ ಕಾಲ್ ಬರೋ ಮುಂಚೆ 'ಟಿಟ್ ಟಿಟ್ ಟಿಟ್ರ್' ಅಂತ ಕೇಳ್ತಿತ್ತಲ್ಲ, ಅದೇ. 900 ಬ್ಯಾಂಡಲ್ಲಿ ಒಂದೊಂದು ಗುಟುಕೂ 2 ವ್ಯಾಟ್ ತನಕ ಹೋಗುತ್ತೆ, ಟವರ್ ದೂರ ಇದ್ದಷ್ಟೂ ಜೋರು. ಆ ಕ್ಷಣಕ್ಕೆ ಬ್ಯಾಟರಿಯಿಂದ ದೊಡ್ಡ ಕರೆಂಟ್ ಎಳೆಯುತ್ತೆ. ಮುದಿ ಬ್ಯಾಟರಿ ಸುಮ್ಮನಿದ್ದಾಗ ಸರಿಯಾದ ವೋಲ್ಟೇಜ್ ತೋರಿಸಿ, ಎಳೆದ ತಕ್ಷಣ ಕುಸಿಯುತ್ತೆ. ಅದಕ್ಕೇ ಎರಡು ಕಡ್ಡಿ ಇದ್ದೂ ಆಫ್.

ಇದರ ಬ್ಯಾಟರಿ ಬಿಆರ್50 ಅನ್ನೋ ಮಾಡೆಲ್ಲು, 680 ಎಂಎಎಚ್. ತೆಳ್ಳನ ಸೆಟ್ಟಿಗೆ ತೆಳ್ಳನ ಬ್ಯಾಟರಿ, ಹೊಸದಿದ್ದಾಗಲೂ ಉಳಿಕೆ ಕಮ್ಮಿ. ಪೂರ್ತಿ ಚಾರ್ಜಾದ ಮೇಲೆ ಮಲ್ಟಿಮೀಟರಿನಲ್ಲಿ 4.2 ವೋಲ್ಟ್ ಹತ್ತಿರ ಬರಬೇಕು. 3ಕ್ಕಿಂತ ಕೆಳಗೆ ಬಿದ್ದು ವರ್ಷಗಟ್ಟಲೆ ಇದ್ದಿದ್ದನ್ನ ಎಬ್ಬಿಸೋ ಸಾಹಸ ಬೇಡ. ಬ್ಯಾಟರಿಯನ್ನ ಗಾಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ. ಬುಗುರಿ ಥರ ತಿರುಗಿದ್ರೆ ಹೊಟ್ಟೆ ಉಬ್ಬಿದೆ. ಇಷ್ಟು ತೆಳ್ಳನ ಸೆಟ್ಟಲ್ಲಿ ಉಬ್ಬಿದ ಬ್ಯಾಟರಿಗೆ ಜಾಗ ಇಲ್ಲ, ಹಿಂದಿನ ಮುಚ್ಚಳ ಎಬ್ಬಿಸುತ್ತೆ.

ಹೊಸದು ಅಂತ ಕೊಡೋ ಬಿಆರ್50 ಮೇಲೆ 1500, 2000 ಎಂಎಎಚ್ ಅಂತ ಬರೆದಿದ್ರೆ ಅಲ್ಲೇ ವಾಪಸ್ ಇಡಿ. ಆ ಅಳತೆಯ ಡಬ್ಬಿಯಲ್ಲಿ ಅಷ್ಟು ಹಿಡಿಯಲ್ಲ. ನಮ್ಮ ಬಿಸಿಲಿನ ಊರಲ್ಲಿ ಇನ್ನೊಂದು: 45 ಡಿಗ್ರಿ ದಾಟಿದಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು. ಏಪ್ರಿಲ್-ಮೇನಲ್ಲಿ ತಗಡಿನ ಶೆಡ್ಡಿನೊಳಗೆ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಬೇಡ, ರಾತ್ರಿ ತಂಪಿಗೆ ಹಾಕಿ.

ಕೊಪ್ಪಳ ಕೀಪ್ಯಾಡ್

ದುಡ್ಡು ಕೊಡೋ ಮುಂಚೆ *#06# ಒತ್ತಿ ಐಎಂಇಐ (ಸೆಟ್ಟಿನ 15 ಅಂಕಿ ಗುರುತಿನ ನಂಬರ್) ನೋಡ್ರಿ, ಬ್ಯಾಟರಿ ಕೆಳಗಿನ ಚೀಟಿಗೆ ತಾಳೆ ಆಗಬೇಕು. ಆಮ್ಯಾಲ ನಿಮ್ಮ ಫೋನಿನಿಂದ ಕೆವೈಎಂ (KYM) ಅಂತ ಇಂಗ್ಲಿಷ್ ಅಕ್ಷರದಾಗ ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕ ಮೆಸೇಜ್ ಕಳಿಸ್ರಿ. ಬ್ಲ್ಯಾಕ್‌ಲಿಸ್ಟ್ ಆಗ್ಯದೋ ಇಲ್ಲೋ ತಿಳೀತದ. ವಿ3ದ ನಕಲಿ ಭಾಳ ಬಂದಿದ್ವು. ಅಸಲಿದರ ಕೀಪ್ಯಾಡ್ ಮುಟ್ಟಿದ್ರ ಲೋಹದ ತಂಪು, ನಕಲಿದು ಪ್ಲಾಸ್ಟಿಕ್. ಎರಡು ಸಿಮ್ ಆಗ್ಲಿ ಎಫ್‌ಎಂ ಆಗ್ಲಿ ಇದ್ರ ನಕಲಿ ಅಂತ ಕಣ್ಣುಮುಚ್ಚಿ ಹೇಳಬಹುದು.

ದುಡ್ಡು ಕಳಿಸೋದು ಬೇಕಂದ್ರ ಇಂಟರ್ನೆಟ್ ಇಲ್ಲದ ಬ್ಯಾಂಕಿಂಗಿನ *99# ಕೋಡ್ ಇದರಾಗೂ ನಡೀತದ, ಒಂದು ಸಲಕ್ಕ 5,000 ರೂಪಾಯಿ ತನಕ. ಆದ್ರ ಒತ್ತಿದ ಪಿನ್ನು ಪರದೆ ಮ್ಯಾಲ ಹಾಂಗೇ ಕಾಣ್ತದ, ಕಿರಾಣಿ ಅಂಗಡಿ ಮುಂದ ನಿಂತು ಒತ್ತಬ್ಯಾಡ್ರಿ.

ಗಂಗಾವತಿ ರೇಂಜ್

ಸಿಂಧನೂರಿನವರ, ಬ್ಯಾಟರಿ, ಚಾರ್ಜರ್ ಎರಡೂ ಸೇರಿ ಟಾರ್ಚಿರೋ ಹೊಸ 4ಜಿ ಕೀಪ್ಯಾಡ್ ಸೆಟ್ಟಿನ ರೇಟಿಗೆ ಬಂದ್ರ ಬಿಟ್ಟುಬಿಡ್ರಿ, ಪೋರ್ಟ್ ಮಾಡಿಸೋ ತಾಪತ್ರಯನೂ ಉಳೀತದ. ಅಪ್ಪಾಜಿಗೆ ಮಡಚೋದೇ ಬೇಕು ಅಂತಿದ್ರ ಅಂಗಡಿಯವನ ಕಡೆಯಿಂದಲೇ ಒಳ್ಳೆ ಬ್ಯಾಟರಿ ಹಾಕಿಸಿ, ಟವರ್ ಕಮ್ಮಿ ಇರೋ ಮೂಲೆಗೆ ನಿಂತು ಹತ್ತು ನಿಮಿಷ ಒಂದೇ ಕಾಲ್ ಮಾತಾಡ್ರಿ. ಆಫ್ ಆಗದಿದ್ರ ರೊಕ್ಕ ಕೊಡ್ರಿ.