ಯಾರು ಕರೆದರೂ ಹೋಗುತ್ತಾಳೆ, ನನ್ನ ಹತ್ತಿರ ಮಾತ್ರ ಬರುವುದಿಲ್ಲ

ಕೇಳಿದವರು, ಹೊಸನಗರ ತಾಲ್ಲೂಕು:

ಮಳೆ ಹಿಡಿಯುವ ಮೊದಲು ಫಾಸ್ಟರ್ ಕೇರ್‌ನಲ್ಲಿ, ಅಂದರೆ ದತ್ತು ಅಲ್ಲದೆ ಸಾಕಲು ಒಪ್ಪಿಸುವ ವ್ಯವಸ್ಥೆಯಲ್ಲಿ, ಆರು ದಾಟಿದ ಹುಡುಗಿ ನಮ್ಮ ಮನೆಗೆ ಬಂದಿದ್ದಾಳೆ. ಎರಡೂ ಕಿವಿಗೆ ಕೇಳಿಸುವ ಮಷೀನ್ ಇದೆ, ಮಾತು ತಡ. ಅಡಿಕೆ ವ್ಯಾಪಾರಿ ಬಂದರೆ ಹೋಗಿ ತೊಡೆ ಮೇಲೆ ಕೂರುತ್ತಾಳೆ. ನಾನು ತಲೆ ಬಾಚಲು ಹೋದರೆ ಕಚ್ಚುತ್ತಾಳೆ. ಬಿದ್ದು ಮಂಡಿ ತರಚಿದರೂ ಅಳುವುದಿಲ್ಲ. ಅತ್ತೆ ಕೇಳಿದರೆ 'ಪ್ರೀತಿ ಕೊಡು, ಸರಿಹೋಗುತ್ತೆ' ಅಂತಾರೆ. ಕೊಡ್ತಾನೇ ಇದ್ದೀನಲ್ಲ. ಇನ್ನೇನು ಮಾಡಬೇಕು? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಕಡೆಯ ತಾಯಿ, ಇವರೂ ಒಬ್ಬ ಹುಡುಗನನ್ನು ಹೀಗೇ ಸಾಕುತ್ತಿದ್ದಾರೆ:

ಅಕ್ಕಾ, ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೆ ಈ ಮಕ್ಕಳಿಗೆ ಅದಕ್ಕೂ ಮೊದಲು ಗೊತ್ತಾಗಬೇಕಾದ್ದು ಒಂದಿದೆ. ನನಗೆ ಊಟ ಯಾರು ಕೊಡ್ತಾರೆ, ನಾಳೆಯೂ ಅವರೇ ಕೊಡ್ತಾರಾ ಅನ್ನೋದು. ಬಾಲಮಂದಿರದಲ್ಲಿ ಪಾಳಿ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ಎಲ್ಲರೂ ಒಂದೇ. ಎದುರಿಗೆ ಬಂದವರನ್ನು ಒಲಿಸಿಕೊಂಡರೆ ಏನಾದರೂ ಸಿಗುತ್ತೆ, ಅಷ್ಟೇ ಗೊತ್ತು. ವ್ಯಾಪಾರಿಯ ತೊಡೆ ಏರುವುದನ್ನು ನೋಡಿ 'ಎಷ್ಟು ಚೂಟಿ ಮಗು' ಅಂತ ಜನ ಹೊಗಳ್ತಾರೆ. ನೀವು ಹೊಗಳಬೇಡಿ.

ನಮ್ಮ ಕಡೆ ಮನೆ ಹೇಗಿರುತ್ತೆ ಗೊತ್ತಲ್ಲ. ಕೊಯ್ಲು ಶುರುವಾದರೆ ಅಂಗಳದ ತುಂಬ ಜನ. ಅಡಿಕೆ ಸುಲಿಯುವವರು, ನೆಂಟರು, ಪಕ್ಕದ ಮನೆಯವರು, ಎಲ್ಲರೂ ಮಗು ಕಂಡರೆ ಎತ್ತಿಕೊಳ್ಳುವವರೇ, ಕೈಗೆ ತಿಂಡಿ ಇಡುವವರೇ. ಒಳ್ಳೆ ಮನಸ್ಸೇ, ಆದರೆ ಈ ಮಗುವಿಗೆ ಅದು ಮತ್ತದೇ ಬಾಲಮಂದಿರ. ಅದಕ್ಕೆ ನಮ್ಮಲ್ಲಿ ಊಟ, ಸ್ನಾನ, ಮಲಗಿಸುವುದು, ಗಾಯ ತೊಳೆಯುವುದು ಇಷ್ಟಕ್ಕೂ ನಾನು, ಇಲ್ಲವೇ ನಮ್ಮ ಯಜಮಾನರು. ಬೇರೆಯವರು ಎಷ್ಟು ಬೇಕಾದರೂ ಆಡಿಸಲಿ. ತಿಂಡಿ ತಂದರೆ ನಮ್ಮ ಕೈಗೆ ಕೊಡಬೇಕು, ಅವನಿಗೆ ನಾವು ಕೊಡುತ್ತೇವೆ. ದೊಡ್ಡಮ್ಮನಿಗೆ ತುಂಬ ಬೇಜಾರಾಯಿತು. ಆಗಲಿ ಅಂತ ಬಿಟ್ಟೆ.

ಬಿದ್ದಾಗ ಅಳದಿದ್ದರೂ ಎದ್ದು ಹೋಗಿ. ಪಕ್ಕದಲ್ಲಿ ಕೂತು, ಗಾಯ ತೊಳೆದು, 'ನೋವಾಯ್ತಾ' ಅಂತ ಮುಖ ನೋಡಿ ಕೇಳಿ. ಅವಳು ಉತ್ತರ ಕೊಡದಿದ್ದರೂ ಪ್ರತಿ ಸಲ. ನಮ್ಮ ಹುಡುಗ ಒಂದು ದಿನ ಮಂಡಿ ಮೇಲೆ ಒಣಗಿದ ಹಕ್ಕಳೆಯನ್ನು ತಾನೇ ಕಿತ್ತುಕೊಂಡು, ರೊಟ್ಟಿ ತಟ್ಟುತ್ತಿದ್ದ ನನ್ನ ಮುಂದೆ ಬಂದು ಕಾಲು ಎತ್ತಿ ನಿಂತ. ಅಳಲಿಲ್ಲ, ಸುಮ್ನೆ ತೋರಿಸಿದ. ಕಾವಲಿ ಮೇಲಿದ್ದ ರೊಟ್ಟಿ ಸೀದೇ ಹೋಯ್ತು ಬಿಡಿ.

ಇನ್ನೊಂದು, 'ಹಟ ಮಾಡಿದ್ರೆ ವಾಪಸ್ ಕಳಿಸ್ತೀನಿ' ಅನ್ನೋ ಮಾತು ತಮಾಷೆಗೂ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು.

ಸಾಗರದಿಂದ, ಮಗನಿಗೆ ಕಿವಿ ಮಷೀನ್ ಇರುವ ತಾಯಿ:

ತಲೆ ಬಾಚುವಾಗ ಕಚ್ಚುತ್ತಾಳೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು. ಕೈ ಅಥವಾ ಬಾಚಣಿಗೆ ಮಷೀನಿನ ಹತ್ತಿರ ಬಂದರೆ ಅದು ಕುಂಯ್ ಅಂತ ಶಿಳ್ಳೆ ಹೊಡೆಯುತ್ತೆ. ನಮಗೆ ಸಣ್ಣದಾಗಿ ಕೇಳುತ್ತೆ, ಅವರಿಗೆ ಕಿವಿಯೊಳಗೇ ಕೇಳಿಸಬಹುದು. ಕನ್ನಡಿ ಮುಂದೆ ಕೂರಿಸಿ, ಬಾಚಣಿಗೆ ತೋರಿಸಿ, ಮಷೀನ್ ತೆಗೆದು ಆಮೇಲೆ ಬಾಚಿ. ಕನ್ನಡಿ ಯಾಕೆ ಅಂದರೆ ಆಗ ಅವಳಿಗೆ ಸರಿಯಾಗಿ ಕೇಳಿಸಲ್ಲ, ಹಿಂದಿನಿಂದ ಬರುವ ಕೈಯಾದರೂ ಕಾಣಬೇಕು. ಬಾಚದಿದ್ದಾಗಲೂ ಶಿಳ್ಳೆ ಬಂದರೆ ಕಿವಿಯೊಳಗೆ ಕೂರುವ ಅಚ್ಚು ಸಡಿಲ ಆಗಿರಬಹುದು. ಮಕ್ಕಳ ಕಿವಿ ಬೆಳೆದ ಹಾಗೆ ಅದನ್ನು ಬದಲಿಸುತ್ತಿರಬೇಕು.

ಮಳೆಗಾಲದಲ್ಲಿ ಮಷೀನಿಗೆ ತೇವ ಶತ್ರು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತಗಡಿನ ಮಾಡು ಇದ್ದರೆ ಜೋರು ಮಳೆಯ ಸದ್ದಿಗೆ ಮಷೀನ್ ಕಿತ್ತೆಸೆಯಬಹುದು, ಅದು ಹಟ ಅಲ್ಲ. ರಾತ್ರಿ ಕರೆಂಟು ಹೋದರೆ ಅವಳಿಗೆ ಸರಿಯಾಗಿ ಕೇಳಿಸುವುದೂ ಇಲ್ಲ, ಕಾಣುವುದೂ ಇಲ್ಲ. ತಾನಾಗಿ ಹೊತ್ತಿಕೊಳ್ಳುವ ಎಮರ್ಜೆನ್ಸಿ ಲೈಟು ಹಾಸಿಗೆ ಹತ್ತಿರ ಇರಲಿ.

ಕೊಪ್ಪದಿಂದ ಒಬ್ಬ ಅಜ್ಜಿ:

ತೀರ್ಥಹಳ್ಳಿಯವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪಲ್ಲ. ಮನೆ ತುಂಬ ಜನ ಇದ್ದರೇ ಮಗು ಚೆನ್ನಾಗಿ ಬೆಳೆಯೋದು. ನಮ್ಮ ಮಕ್ಕಳನ್ನೆಲ್ಲ ಹಾಗೇ ಬೆಳೆಸಿದ್ದು.

ತೀರ್ಥಹಳ್ಳಿಯವರು:

ಅಜ್ಜೀ, ನಿಮ್ಮ ಮಕ್ಕಳಿಗೆ ಅಮ್ಮ ಯಾರು ಅಂತ ಮೊದಲೇ ಗೊತ್ತಿತ್ತು. ಹತ್ತು ಜನರ ಹತ್ತಿರ ಹೋಗಿ ಬಂದರೂ ರಾತ್ರಿ ನಿಮ್ಮ ಸೆರಗೇ ಹುಡುಕುತ್ತಿದ್ದರು. ಇವಳಿಗೆ ಆ ಒಬ್ಬರು ಸಿಗಲಿ, ಆಮೇಲೆ ಊರೆಲ್ಲ ಎತ್ತಿಕೊಳ್ಳಲಿ.

ಶಿವಮೊಗ್ಗದಿಂದ, ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರು:

ಕಾಗದದ ವಿಷಯ ಬೇಗ ಹೇಳಿಬಿಡ್ತೀನಿ. ಮಗು ನಿಮ್ಮ ಹತ್ತಿರ ಇರುವುದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ದೊಡ್ಡ ಚಿಕಿತ್ಸೆ, ಜಿಲ್ಲೆಯಾಚೆ ಪ್ರಯಾಣ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮೊದಲೇ ತಿಳಿಸಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ, ಅರ್ಜಿ ಆಗಿದೆಯಾ ಕೇಳಿ. ಅಂಗವೈಕಲ್ಯದ ಯುಡಿಐಡಿ ಕಾರ್ಡನ್ನೂ ಮಾಡಿಸಿ. ಅವಳ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ.

ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಶಿವಮೊಗ್ಗದಿಂದ ನೇರ ರೈಲಿದೆ. ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಯಾರ ಹತ್ತಿರವೂ ಬರದ ಮಗು, ಎಲ್ಲರ ಹತ್ತಿರವೂ ಹೋಗುವ ಮಗು, ಎರಡಕ್ಕೂ ವೈದ್ಯರಲ್ಲಿ ಬೇರೆ ಬೇರೆ ಹೆಸರಿದೆ. ಎರಡರ ಬೇರೂ ಮೊದಲ ವರ್ಷಗಳಲ್ಲಿ ನೋಡಿಕೊಳ್ಳುವವರು ಸರಿಯಾಗಿ ಸಿಗದಿದ್ದದ್ದೇ. ಮೊದಲನೆಯದು ಒಳ್ಳೆ ಮನೆ ಸಿಕ್ಕರೆ ಸಾಮಾನ್ಯವಾಗಿ ಸುಧಾರಿಸುತ್ತೆ. ಅಪರಿಚಿತರ ಹಿಂದೆ ಹೋಗುವುದು ಮಾತ್ರ ನಿಮಗೆ ಹೊಂದಿಕೊಂಡ ಮೇಲೂ ಉಳಿಯಬಹುದು. ಅದನ್ನು ನಿಮ್ಮ ಸೋಲು ಅಂದುಕೊಳ್ಳಬೇಡಿ. ಸಂತೆ, ಬಸ್‌ಸ್ಟ್ಯಾಂಡಿನಲ್ಲಿ ಕೈ ಬಿಡಬೇಡಿ.

ಕೇಳಿದವರು:

ಬಾಚಣಿಗೆ ವಿಷಯ ನಿಜ. ಇವತ್ತು ಮಷೀನ್ ತೆಗೆದು ಬಾಚಿದೆ. ಮುಖ ಗಂಟಿಕ್ಕಿದಳು, ಕಚ್ಚಲಿಲ್ಲ. ಶ್ರಾವಣದಲ್ಲಿ ನಾದಿನಿ ಮದುವೆ ಇದೆ, ಛತ್ರದಲ್ಲಿ. ಕರೆದುಕೊಂಡು ಹೋಗಲಾ?

ತೀರ್ಥಹಳ್ಳಿಯವರು:

ಹೋಗಿ, ಆದರೆ ಮೂರು ದಿನ ಬೇಡ. ಧಾರೆ ಹೊತ್ತಿಗೆ ಹೋಗಿ ಊಟ ಮುಗಿಸಿ ಬನ್ನಿ. ನಾದಿನಿ ಮನೆಯವರಿಗೆ ಇವತ್ತೇ ಫೋನ್ ಮಾಡಿ, ಮಗುವನ್ನು ಯಾರೂ ಎತ್ತಿಕೊಳ್ಳಬೇಡಿ ಅಂತ ಹೇಳಿ. ಓಲಗದ ಹತ್ತಿರ ಕೂರಬೇಡಿ. ನೀವು ಅಡುಗೆಮನೆಗೆ ನುಗ್ಗಿದರೆ ನಿಮ್ಮವರು ಅವಳ ಪಕ್ಕ ಇರಲಿ, ಬಡಿಸುವ ಕೆಲಸ ಅವತ್ತು ಬೇರೆ ಯಾರಾದರೂ ಮಾಡ್ತಾರೆ.