ಅಪ್ಪನಿಗೆ ಪಥ್ಯ, ಮನೆಯವರಿಗೆ ಬಜ್ಜಿ: ಹೇಗೆ ಒಪ್ಪಿಸಲಿ?

ಪ್ರಶ್ನೆ (ಕೋಲಾರ): ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿದಿದೆ. ಸೊಪ್ಪು, ಕಾಳು ಜಾಸ್ತಿ ತಿನ್ನಲಿ, ಕರಿದಿದ್ದು ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರ್. ಅಪ್ಪ ಒಪ್ಪಿದ್ದಾರೆ, ಒಪ್ಪದಿರೋದು ಉಳಿದವರು. ಸಂಜೆಯಾದರೆ ತಮ್ಮ ಬಜ್ಜಿ, ಕಬಾಬ್ ಪೊಟ್ಟಣ ತರುತ್ತಾನೆ. ಆ ವಾಸನೆಗೆ ಅಪ್ಪ ಮುದ್ದೆ ಮುರಿಯದೆ ಸುಮ್ನೆ ಕೂತುಬಿಡುತ್ತಾರೆ. ನೋಡಿದರೆ ಸಂಕಟ ಆಗುತ್ತೆ. "ಕಾಯಿಲೆ ಅವರಿಗೆ, ಪಥ್ಯ ನಮಗ್ಯಾಕೆ?" ಅಂತಾರೆ ಅಮ್ಮ. ಜಗಳ ಇಲ್ಲದೆ ದಾರಿ ಇದೆಯಾ?

ಉತ್ತರ (ಮುಳಬಾಗಿಲು): ಬೇರೆ ಬೇರೆ ಅಡುಗೆ ಮಾಡಲೇಬೇಡಿ ಅಕ್ಕ. ಎಲ್ಲರಿಗೂ ಒಂದೇ ಪಾತ್ರೆ. ಬಸ್ಸಾರು, ಮುದ್ದೆ ನಮ್ಮ ಕಡೆ ಯಾರಿಗೆ ಬೇಡ? ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸು ರುಬ್ಬಿ ಹಾಕಿ. ಖಾರ ಘಮಘಮ ಅಂದರೆ ಉಪ್ಪು ಕಡಿಮೆಯಾಗಿದ್ದು ಗೊತ್ತೇ ಆಗಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಪ್ಪಳ, ಉಪ್ಪಿನಕಾಯಿಯದ್ದೂ ಅದರಲ್ಲೇ ಸೇರಿತು.

ಉತ್ತರ (ಚಿಂತಾಮಣಿ): ತಮ್ಮನಿಗೆ ಒಬ್ಬನೇ ಇರುವಾಗ ಹೇಳಿ. ತಂದೆಗೆ ಈ ಕ್ಯಾನ್ಸರ್ ಆಗಿದ್ದರೆ ಮಕ್ಕಳಿಗೂ ಅಪಾಯ ಜಾಸ್ತಿ. ನೀವಿಬ್ಬರೂ ಯಾವಾಗ ತಪಾಸಣೆ ಮಾಡಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಇನ್ನೊಂದು ಮಾತು, ಆಪರೇಷನ್ ಆದ ಕರುಳಿಗೆ ನಾರಿನಂಶ ಒಮ್ಮೆಲೇ ಜಾಸ್ತಿ ಬೇಡ. ಕಾಳನ್ನು ಚೆನ್ನಾಗಿ ಬೇಯಿಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹೊಟ್ಟೆ ಉಬ್ಬರಿಸಿದರೆ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಮಕ್ಕಳಿಗೂ ಅಪಾಯ ಅಂತ ನಮಗೆ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ನಾಳೆ ಬಸ್ಸಾರು.